ಒಂದು ಪಬ್ಲಿಕ್ ಐಪಿ ಸಾಕು, ನಾಲ್ಕು ಕೊಳ್ಳಿ ಅಂತ ಹೇಳ್ಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ತಂತ್ರಜ್ಞಾನ ಪುಟದಲ್ಲಿ ಓದುಗರ ಪ್ರಶ್ನೆಗೆ ಉತ್ತರ ಕೊಡೋ ಕಾಲಂ ಇದ್ಯಲ್ಲ, ಅದ್ರಲ್ಲಿ ಹೋದ ವಾರ ಒಬ್ರು ಒಳ್ಳೆ ಪ್ರಶ್ನೆ ಕೇಳಿದ್ರು. ಅವರ ಸಂಸ್ಥೆ ಒಳಗೆ ನಾಲ್ಕು ವೆಬ್ ಸರ್ವರ್ ಇವೆಯಂತೆ, ಒಂದ್ರಲ್ಲಿ ಮುಖ್ಯ ವೆಬ್‌ಸೈಟು, ಒಂದ್ರಲ್ಲಿ ಲೈಬ್ರರಿ ಕ್ಯಾಟಲಾಗು, ಒಂದ್ರಲ್ಲಿ ಹಾಜರಾತಿ, ಇನ್ನೊಂದ್ರಲ್ಲಿ ಫೈಲ್ ಹಂಚಿಕೊಳ್ಳೋ ಸಾಫ್ಟ್‌ವೇರು, ಆದ್ರೆ ಇಂಟರ್ನೆಟ್ ಕಂಪನಿಯವ್ರು ಕೊಟ್ಟಿರೋದು ಒಂದೇ ಒಂದು ಪಬ್ಲಿಕ್ ಐಪಿ (ಇಂಟರ್ನೆಟ್ಟಲ್ಲಿ ಹೊರಗಿನವ್ರಿಗೆ ಕಾಣೋ ವಿಳಾಸ), ನಾಲ್ಕೂ ಹೊರಗಿನವ್ರಿಗೆ ಕಾಣೋ ಹಾಗೆ ಮಾಡೋದು ಹೇಗೆ ಅಂತ. ನಿಮ್ಮ ಕಾಲಂನವ್ರು ಎರಡೇ ಸಾಲಲ್ಲಿ ಮುಗಿಸಿಬಿಟ್ರು: ಸರ್ವರಿಗೊಂದು ಐಪಿ ತಗೊಳ್ಳಿ, ಆಗಲ್ಲ ಅಂದ್ರೆ ಒಂದೊಂದಕ್ಕೂ ಬೇರೆ ಬೇರೆ ಪೋರ್ಟ್ ನಂಬರ್ (ಒಂದೇ ಐಪಿಯಲ್ಲಿ ಬೇರೆ ಬೇರೆ ಸೇವೆಗಳನ್ನ ಗುರುತಿಸೋ ನಂಬರ್) ಕೊಟ್ಟು ರೂಟರಲ್ಲಿ ಫಾರ್ವರ್ಡ್ ಮಾಡಿ, ಅಂದ್ರೆ ಒಳಗಿನ ಸರ್ವರಿಗೆ ದಾಟಿಸಿ. ಇದು ಸುಳ್ಳು ಅಂತ ನಾನು ಹೇಳ್ತಿಲ್ಲ, ಹಾಗೆ ಮಾಡಿದ್ರೂ ಸೈಟು ಓಪನ್ ಆಗುತ್ತೆ. ಆದ್ರೆ ಇದು ಇಪ್ಪತ್ತು ವರ್ಷ ಹಳೇ ಉತ್ತರ, ಇವತ್ತು ಯಾರಾದ್ರೂ ಪೇಪರಲ್ಲಿ ಬಂದಿದೆ ಅಂತ ನಂಬಿ ಹೊರಟ್ರೆ ಒಂದು ಕಡೆ ದುಡ್ಡು ದಂಡ, ಇನ್ನೊಂದು ಕಡೆ ಸೆಕ್ಯೂರಿಟಿ ಢಮಾರ್. ಸರ್ವರ್ ನೋಡ್ಕೊಳ್ಳೋದೇ ನನ್ನ ಹೊಟ್ಟೆಪಾಡು, ಸುಮ್ನಿರೋಕಾಗ್ಲಿಲ್ಲ, ಒಂದೇ ಐಪಿಯಲ್ಲಿ ನಾಲ್ಕನ್ನೂ ನಡೆಸೋ ರಿವರ್ಸ್ ಪ್ರಾಕ್ಸಿ ಅನ್ನೋ ದಾರಿ ಹೇಳ್ತೀನಿ, ಪತ್ರ ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಮೊದಲು ಐಪಿ ಕೊಳ್ಳಿ ಅನ್ನೋ ಮಾತು. ಐಪಿವಿ4, ಅಂದ್ರೆ ಹಳೇ ಮಾದರಿಯ ಐಪಿ ವಿಳಾಸ, 32 ಬಿಟ್, ಎಷ್ಟೇ ಎಳೆದಾಡಿದ್ರೂ ಒಟ್ಟು 429 ಕೋಟಿ ಚಿಲ್ಲರೆ, ಅದ್ರಲ್ಲೂ ಒಂದಷ್ಟು ಬೇರೆ ಕೆಲಸಗಳಿಗೆ ಮೀಸಲು. ಜಗತ್ತಿಗೆಲ್ಲ ವಿಳಾಸ ಹಂಚೋ ಐಯಾನಾ ತನ್ನ ಹತ್ರ ಉಳಿದಿದ್ದ ಕೊನೆ ಐದು ದೊಡ್ಡ ಬ್ಲಾಕುಗಳನ್ನ 2011ರ ಫೆಬ್ರವರಿ 3ಕ್ಕೇ ಐದು ಪ್ರಾದೇಶಿಕ ಸಂಸ್ಥೆಗಳಿಗೆ ಕೊಟ್ಟು ಕೈ ತೊಳ್ಕೊಂಡ್ತು, ಯುರೋಪಿನ ಕಡೆ ನೋಡ್ಕೊಳ್ಳೋ ರೈಪ್ ಎನ್‌ಸಿಸಿ 2019ರ ನವೆಂಬರಲ್ಲಿ ನಮ್ಮ ಹತ್ರನೂ ಖಾಲಿ ಅಂತ ಹೇಳಿಬಿಡ್ತು. ಈಗ ಹೊಸದಾಗಿ ಐಪಿ ಬೇಕು ಅಂದ್ರೆ ಬಹುಪಾಲು ಯಾರೋ ಬಿಟ್ಟಿದ್ದು, ಮಾರಿದ್ದು, ಬಾಡಿಗೆಗೆ ಕೊಟ್ಟಿದ್ದು, ಅಷ್ಟೇ. ಹೀಗಿರುವಾಗ ದಿನಕ್ಕೆ ನಾಲ್ಕು ಜನ ನೋಡೋ ಲೈಬ್ರರಿ ಕ್ಯಾಟಲಾಗಿಗೆ ಒಂದು ಇಡೀ ಪಬ್ಲಿಕ್ ಐಪಿ ಕೊಡೋದು ನನ್ನ ಪ್ರಕಾರ ದುಂದುಗಾರಿಕೆ, ಬೇಕಿಲ್ಲದ ಖರ್ಚನ್ನ ತಿಂಗಳು ತಿಂಗಳು ಕಟ್ತಾ ಕೂರೋದು.

ಇನ್ನು ಸಮಸ್ಯೆ ಹುಟ್ಟೋದೆಲ್ಲಿ ಅಂತ ಸ್ವಲ್ಪ ನೋಡೋಣ. ಆಫೀಸಿನ ಒಳಗಿರೋ ಮಷೀನುಗಳಿಗೆ 192.168 ಅಂತಲೋ 10 ಅಂತಲೋ ಶುರುವಾಗೋ ವಿಳಾಸ ಇರುತ್ತಲ್ಲ, ಅವು 1996ರ ಆರ್‌ಎಫ್‌ಸಿ 1918 ಅನ್ನೋ ಇಂಟರ್ನೆಟ್ ನಿಯಮಗಳ ದಾಖಲೆಯಲ್ಲಿ ಖಾಸಗಿ ಬಳಕೆಗೆ ಅಂತ ಬಿಟ್ಟುಕೊಟ್ಟಿರೋ ವಿಳಾಸಗಳು, ಯಾರು ಬೇಕಾದ್ರೂ ಒಳಗೆ ಬಳಸ್ಕೋಬಹುದು, ಆದ್ರೆ ಹೊರಗಿನ ಇಂಟರ್ನೆಟ್ಟಲ್ಲಿ ಅವು ಓಡಲ್ಲ. ಒಳಗಿನವ್ರು ಹೊರಗೆ ಹೋಗುವಾಗ ರೂಟರ್ ನ್ಯಾಟ್ ಮಾಡಿ, ಅಂದ್ರೆ ವಿಳಾಸ ಬದಲಾಯಿಸಿ, ತನ್ನ ಪಬ್ಲಿಕ್ ಐಪಿ ಹಚ್ಚಿ ಕಳಿಸುತ್ತೆ, ವಾಪಸ್ ಬಂದಿದ್ದು ಯಾರಿಗೆ ಅಂತ ಅದಕ್ಕೆ ನೆನಪಿರುತ್ತೆ. ಆದ್ರೆ ಹೊರಗಿಂದ ಯಾರೋ ಹೊಸಬ್ರು ಬಂದು 443ನೇ ಪೋರ್ಟ್ ತಟ್ಟಿದ್ರೆ? ರೂಟರ್ ನೋಡೋದು ಐಪಿ ಮತ್ತು ಪೋರ್ಟ್, ಎರಡೇ. ಐಪಿ ಒಂದೇ, ಎಚ್‌ಟಿಟಿಪಿಎಸ್‌ನ (ಗುಟ್ಟಾಗಿ ಸಾಗೋ ವೆಬ್ ಸಂಪರ್ಕ) ಪೋರ್ಟೂ ಒಂದೇ, ಹಾಗಾಗಿ ಅದನ್ನ ಒಳಗಿನ ಒಂದೇ ಒಂದು ಮಷೀನಿಗೆ ಕಳಿಸೋಕೆ ರೂಲ್ ಬರೀಬಹುದು, ನಾಲ್ಕಕ್ಕೆ ಆಗಲ್ಲ. ಮಾಮೂಲಿ ರೂಟರಿಗೆ ಬಂದವ್ರು ಯಾವ ಸೈಟ್ ಕೇಳ್ತಿದ್ದಾರೆ ಅನ್ನೋದು ಬೇಕಾಗೇ ಇಲ್ಲ, ಅದು ಆ ಮಟ್ಟಕ್ಕೆ ಇಳಿದು ನೋಡಲ್ಲ.

ಅದಕ್ಕೇ ಜನ ಪೋರ್ಟ್ ಆಟ ಶುರುಮಾಡಿದ್ದು. ಮುಖ್ಯ ಸೈಟಿಗೆ 443, ಲೈಬ್ರರಿಗೆ 8443, ಹಾಜರಾತಿಗೆ 8081, ಫೈಲಿಗೆ 9000, ಹೀಗೆ. ಕೇಳೋಕೆ ಚೆನ್ನಾಗಿದೆ, ಆದ್ರೆ ಬಳಸೋರ ಪಾಡು ಕೇಳಿ. ವಿಳಾಸದ ಕೊನೆಗೆ ಕೋಲನ್ ಹಾಕಿ ನಂಬರ್ ಟೈಪ್ ಮಾಡಿ ಅಂದ್ರೆ ಹತ್ತರಲ್ಲಿ ಏಳು ಜನ ಮರೀತಾರೆ, ಉಳಿದವ್ರು ಫೋನ್ ಮಾಡ್ತಾರೆ. ಎಷ್ಟೋ ಕಂಪನಿ, ಕಾಲೇಜುಗಳ ಫೈರ್‌ವಾಲು 80 (ಮಾಮೂಲಿ ಎಚ್‌ಟಿಟಿಪಿಯದ್ದು), 443 ಬಿಟ್ರೆ ಬೇರೆ ಪೋರ್ಟನ್ನ ಹೊರಗೆ ಬಿಡೋದೇ ಇಲ್ಲ, ಅಲ್ಲಿ ಕೂತವ್ರಿಗೆ ನಿಮ್ಮ ಸೈಟು ಸುಮ್ನೆ ಸುತ್ತುತ್ತಾ ಇರುತ್ತೆ, ಅವ್ರು ನಿಮ್ಮ ಸರ್ವರ್ ಡೌನ್ ಅಂದ್ಕೋತಾರೆ, ನೀವು ಇಲ್ಲಿ ನೋಡಿದ್ರೆ ಎಲ್ಲ ಸರಿ ಇದೆ. ಇನ್ನು ಕೆಲವ್ರು ವಿಚಿತ್ರ ಪೋರ್ಟ್ ಕೊಟ್ರೆ ಯಾರಿಗೂ ಗೊತ್ತಾಗಲ್ಲ, ಅದೇ ಒಂದು ಸೇಫ್ಟಿ ಅಂತ ವಾದ ಮಾಡ್ತಾರೆ. ಇರೋದು 65,535 ಪೋರ್ಟು, ಅಷ್ಟನ್ನೂ ಸ್ಕ್ಯಾನ್ ಮಾಡೋದು ಪ್ರೋಗ್ರಾಮಿಗೆ ದೊಡ್ಡ ಕೆಲಸ ಅಲ್ಲ, ಶೋಡಾನ್ ಅನ್ನೋ ಸರ್ಚ್ ಎಂಜಿನ್ 2009ರಿಂದ ಇದೇ ಕೆಲಸ ಮಾಡ್ತಿದೆ, ಯಾವ ಐಪಿಯಲ್ಲಿ ಯಾವ ಪೋರ್ಟ್ ತೆರೆದಿದೆ ಅಂತ ಹುಡುಕಿ ಪಟ್ಟಿ ಮಾಡಿಡುತ್ತೆ. ಬಚ್ಚಿಟ್ಟಿದ್ದೀವಿ ಅಂತ ನಾವು ಅಂದ್ಕೋಬೇಕು ಅಷ್ಟೇ.

ಎಲ್ಲಕ್ಕಿಂತ ತಲೆನೋವು ಏನಂದ್ರೆ, ಹೀಗೆ ಫಾರ್ವರ್ಡ್ ಮಾಡಿದ ಒಂದೊಂದು ಸರ್ವರೂ ನೇರವಾಗಿ ಇಂಟರ್ನೆಟ್ಟಿಗೆ ಮುಖ ಕೊಟ್ಟು ನಿಲ್ಲುತ್ತೆ. ಹಾಜರಾತಿ ಸಾಫ್ಟ್‌ವೇರ್ ಹಾಕಿಕೊಟ್ಟೋನು ಎಂದೋ ಹೋಗಿರ್ತಾನೆ, ಅದರ ಒಳಗಿನ ವೆಬ್ ಸರ್ವರ್ ಯಾವ ಕಾಲದ್ದೋ, ಅಪ್‌ಡೇಟ್ ಮಾಡಿದ್ರೆ ಸಾಫ್ಟ್‌ವೇರ್ ನಿಂತೋಗುತ್ತೆ ಅಂತ ಯಾರೂ ಮುಟ್ಟಲ್ಲ, ಅಂಥದನ್ನ ತಂದು ಹೊರಗೆ ನಿಲ್ಲಿಸೋದು ಅಂದ್ರೆ ನನಗಂತೂ ಎದೆ ನಡುಗುತ್ತೆ.

ಹಾಗಾದ್ರೆ ದಾರಿ ಏನು? ದಾರಿ 1997ರಿಂದ ಇದೆ ಸಾರ್. ಬ್ರೌಸರ್ ಸರ್ವರಿಗೆ ಕಳಿಸೋ ಮೊದಲ ಮಾತನ್ನ ಯಾವತ್ತಾದ್ರೂ ಬಿಚ್ಚಿ ನೋಡಿದ್ದೀರಾ? ಮೊದಲ ಸಾಲಲ್ಲಿ ಗೆಟ್, ಯಾವ ಪುಟ ಬೇಕು, ಎಚ್‌ಟಿಟಿಪಿ 1.1 ಅಂತಿರುತ್ತೆ. ಅದರ ಜೊತೆಯಲ್ಲೇ ಇನ್ನೊಂದು ಸಾಲು, ಹೋಸ್ಟ್, ಕೋಲನ್, ಲೈಬ್ರರಿ ಡಾಟ್ ಎಕ್ಸಾಂಪಲ್ ಡಾಟ್ ಕಾಮ್. ಅಂದ್ರೆ ಬಂದವ್ರು ಯಾರನ್ನ ಕೇಳ್ಕೊಂಡು ಬಂದ್ರು ಅನ್ನೋದನ್ನ ತಾವೇ ಬಾಯಿಬಿಟ್ಟು ಹೇಳ್ತಿದ್ದಾರೆ. ಹಳೇ ಎಚ್‌ಟಿಟಿಪಿ 1.0ರಲ್ಲಿ ಈ ಸಾಲು ಕಡ್ಡಾಯ ಇರ್ಲಿಲ್ಲ, 1997ರ ಜನವರಿಯಲ್ಲಿ ಬಂದ ಎಚ್‌ಟಿಟಿಪಿ 1.1ರ ಆರ್‌ಎಫ್‌ಸಿ 2068ರಲ್ಲಿ ಕಡ್ಡಾಯ ಮಾಡಿದ್ರು, ಆ ಸಾಲು ಇಲ್ಲದೆ ಯಾರಾದ್ರೂ ಬಂದ್ರೆ ಸರ್ವರ್ 400 ಬ್ಯಾಡ್ ರಿಕ್ವೆಸ್ಟ್ ಅಂತ ವಾಪಸ್ ಕಳಿಸ್ಬೇಕು ಅನ್ನೋವಷ್ಟು ಕಡ್ಡಾಯ. ಒಂದೇ ಡೋರ್ ನಂಬರಿನ ವಠಾರಕ್ಕೆ ಕಾಗದ ಬಂದಾಗ ಮೇಲಿರೋ ಹೆಸರು ನೋಡಿ ಮನೆಗೆ ಮುಟ್ಟಿಸ್ತಾರಲ್ಲ, ಅದೇ ಲೆಕ್ಕ. ವಠಾರದ ಒಂದೊಂದು ಮನೆಗೂ ಬೇರೆ ಡೋರ್ ನಂಬರ್ ಬರೆಸಿ ಅಂತ ಯಾರೂ ಹೇಳಲ್ಲ.

ಆ ಹೆಸರು ನೋಡಿ ಒಳಗಿನ ಸರಿಯಾದ ಸರ್ವರಿಗೆ ಹಂಚೋ ಕೆಲಸ ಮಾಡೋದೇ ರಿವರ್ಸ್ ಪ್ರಾಕ್ಸಿ. ಮಾಡೋ ಕ್ರಮ ಹೇಳ್ತೀನಿ, ಕಷ್ಟ ಏನಿಲ್ಲ. ಡಿಎನ್‌ಎಸ್‌ನಲ್ಲಿ (ಸೈಟಿನ ಹೆಸರನ್ನ ಐಪಿಗೆ ಹೊಂದಿಸೋ ಪಟ್ಟಿ) ಲೈಬ್ರರಿ, ಹಾಜರಾತಿ, ಫೈಲ್ಸ್ ಅಂತ ಸಬ್‌ಡೊಮೇನ್ ಮಾಡಿ ಎಲ್ಲದರ ಎ ರೆಕಾರ್ಡೂ (ಆ ಹೆಸರಿನ ಐಪಿ ಹೇಳೋ ಸಾಲು) ಅದೇ ಒಂದು ಪಬ್ಲಿಕ್ ಐಪಿಗೆ ತೋರಿಸಿ, 203.0.113.10 ಅಂತಿಟ್ಕೊಳ್ಳಿ. ರೂಟರಲ್ಲಿ 80 ಮತ್ತು 443 ಎರಡೇ ಎರಡು ಪೋರ್ಟನ್ನ ಒಳಗಿನ ಒಂದು ಮಷೀನಿಗೆ, ಅಂದ್ರೆ ಪ್ರಾಕ್ಸಿಗೆ, ಫಾರ್ವರ್ಡ್ ಮಾಡಿ. ಆ ಪ್ರಾಕ್ಸಿಯಲ್ಲಿ ಎನ್‌ಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ಸಾಫ್ಟ್‌ವೇರ್ ಹಾಕಿದ್ರೆ, ಒಂದೊಂದು ಸೈಟಿಗೂ ಒಂದು ಸರ್ವರ್ ಬ್ಲಾಕ್, ಅದರೊಳಗೆ ಸರ್ವರ್ ನೇಮ್ ಅನ್ನೋ ಸಾಲಲ್ಲಿ ಸೈಟಿನ ಹೆಸರು, ಪ್ರಾಕ್ಸಿ ಪಾಸ್ ಅನ್ನೋ ಸಾಲಲ್ಲಿ ಒಳಗಿನ ವಿಳಾಸ, ಲೈಬ್ರರಿ ಆದ್ರೆ 192.168.1.20, ಹಾಜರಾತಿ ಆದ್ರೆ 192.168.1.21, ಹೀಗೆ. ನಾಳೆ ಐದನೇ ಸರ್ವರ್ ಬಂದ್ರೆ ಇನ್ನೊಂದು ಬ್ಲಾಕ್ ಬರೆದು ರೀಲೋಡ್ ಮಾಡಿದ್ರೆ ಮುಗೀತು, ಕಂಪನಿಗೆ ಫೋನ್ ಮಾಡಿ ಇನ್ನೊಂದು ಐಪಿ ಕೊಡಿ ಅಂತ ಕಾಯ್ಬೇಕಾಗಿಲ್ಲ, ರೂಟರ್ ಮುಟ್ಟೋದೂ ಬೇಡ.

ಎನ್‌ಜಿನ್‌ಎಕ್ಸೇ ಆಗ್ಬೇಕು ಅಂತೇನಿಲ್ಲ. ಎಚ್‌ಎಪ್ರಾಕ್ಸಿ ಅದಕ್ಕಿಂತ ಹಳೇದು, 2001ರದ್ದು, ಲೋಡ್ ಜಾಸ್ತಿ ಇರೋ ಕಡೆ ಅದನ್ನ ಮೀರಿಸೋದು ಕಷ್ಟ. ಅಪಾಚೆ ಗೊತ್ತಿರೋರು ಮಾಡ್ ಪ್ರಾಕ್ಸಿ ಆನ್ ಮಾಡ್ಕೊಂಡ್ರೆ ಸಾಕು, ವಿಂಡೋಸ್ ಮಂದಿಗೆ ಐಐಎಸ್ ಜೊತೆ ಎಆರ್‌ಆರ್ ಮಾಡ್ಯೂಲ್ ಇದೆ. ಹೊಸದಾಗಿ ಶುರುಮಾಡೋರು ನನ್ನ ಕೇಳಿದ್ರೆ ಕ್ಯಾಡಿ ಅಂತೀನಿ, ಸೈಟಿನ ಹೆಸರು, ಒಳಗಿನ ವಿಳಾಸ ಎರಡು ಬರೆದ್ರೆ ಸರ್ಟಿಫಿಕೇಟನ್ನೂ (ಸೈಟು ಅಸಲಿ ಅಂತ ಎಚ್‌ಟಿಟಿಪಿಎಸ್‌ನಲ್ಲಿ ತೋರಿಸೋ ಪತ್ರ) ಅದೇ ತಂದು ಅದೇ ರಿನ್ಯೂ ಮಾಡ್ಕೊಳ್ಳುತ್ತೆ. ಆದ್ರೆ ಪಕ್ಕದ ಟೇಬಲ್ಲಿನವ್ರಿಗೆ ಯಾವುದು ಗೊತ್ತೋ ಅದನ್ನೇ ಹಾಕೋದು ಜಾಣತನ, ರಾತ್ರಿ ಹನ್ನೊಂದಕ್ಕೆ ಕೆಟ್ಟೋದ್ರೆ ಕೇಳೋಕೆ ಒಬ್ರು ಇರ್ಬೇಕಲ್ಲ.

ನಿಮ್ಮ ಕಾಲಂನವ್ರ ಪರವಾಗಿ ಒಂದು ಮಾತು ಹೇಳ್ಲೇಬೇಕು. ಒಂದು ಸೈಟಿಗೆ ಒಂದು ಐಪಿ ಅನ್ನೋದು ಒಂದು ಕಾಲಕ್ಕೆ ನಿಜವಾಗ್ಲೂ ಬೇಕಿತ್ತು, ಸುಮ್ನೆ ಹುಟ್ಟಿದ ಮಾತಲ್ಲ. ಎಚ್‌ಟಿಟಿಪಿಎಸ್‌ನಲ್ಲಿ ಮೊದಲು ಎನ್‌ಕ್ರಿಪ್ಶನ್ ಮಾತುಕತೆ ನಡೀಬೇಕು, ಆಮೇಲೆ ಹೋಸ್ಟ್ ಸಾಲು ಬರೋದು. ಅಂದ್ರೆ ಸರ್ವರ್ ತನ್ನ ಸರ್ಟಿಫಿಕೇಟ್ ತೋರಿಸೋ ಹೊತ್ತಿಗೆ ಬಂದವ್ರು ಯಾವ ಸೈಟ್ ಕೇಳ್ತಾರೆ ಅಂತ ಅದಕ್ಕೆ ಗೊತ್ತೇ ಇರ್ತಿರ್ಲಿಲ್ಲ, ಇರೋ ಒಂದು ಸರ್ಟಿಫಿಕೇಟ್ ತೋರಿಸ್ತಿತ್ತು, ಹೆಸರು ಹೊಂದ್ಲಿಲ್ಲ ಅಂದ್ರೆ ಬ್ರೌಸರ್ ಕೆಂಪು ವಾರ್ನಿಂಗ್ ಕೊಡ್ತಿತ್ತು. ಇದಕ್ಕೆ ಪರಿಹಾರ ಎಸ್‌ಎನ್‌ಐ, ಮೊದಲ ಹಲೋ ಹೇಳುವಾಗಲೇ ಬ್ರೌಸರ್ ಸೈಟಿನ ಹೆಸರನ್ನೂ ಹೇಳಿಬಿಡೋದು. 2003ರಲ್ಲೇ ಆರ್‌ಎಫ್‌ಸಿ 3546ರಲ್ಲಿ ಬಂತು, ಆದ್ರೆ ವಿಂಡೋಸ್ ಎಕ್ಸ್‌ಪಿ ಮೇಲಿನ ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಕೊನೆವರೆಗೂ ಇದು ಬರ್ಲೇ ಇಲ್ಲ, ಹಳೇ ಆಂಡ್ರಾಯ್ಡ್ 2ರ ಬ್ರೌಸರಿಗೂ ಇರ್ಲಿಲ್ಲ. ಸರ್ವರ್ ಕಡೆನೂ ತಡ ಆಯ್ತು, ಅಪಾಚೆಗೆ ಬಂದಿದ್ದು 2009ರ 2.2.12ರಲ್ಲಿ, ಐಐಎಸ್‌ಗೆ ವಿಂಡೋಸ್ ಸರ್ವರ್ 2012ರಲ್ಲಿ. ಹಾಗಾಗಿ ಆಗಿನವ್ರು ಐಪಿ ಕೊಳ್ಳಿ ಅಂತ ಹೇಳಿದ್ರಲ್ಲಿ ತಪ್ಪಿಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಸಪೋರ್ಟ್ ನಿಲ್ಲಿಸ್ತು, ಇವತ್ತಿನ ಯಾವ ಬ್ರೌಸರ್ ತಗೊಂಡ್ರೂ ಎಸ್‌ಎನ್‌ಐ ಇದೆ. ಕಾರಣ ಹೋಯ್ತು, ಸಲಹೆ ಮಾತ್ರ ಬಾಯಿಂದ ಬಾಯಿಗೆ ಉಳ್ಕೊಂಡಿದೆ.

ಸರ್ಟಿಫಿಕೇಟ್ ವಿಷಯ ಬಂದಿದ್ದಕ್ಕೆ ಹೇಳ್ತೀನಿ, ಅದಕ್ಕೂ ಈಗ ದುಡ್ಡು ಬೇಡ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆ 2015ರ ಡಿಸೆಂಬರಲ್ಲಿ ಎಲ್ಲರಿಗೂ ತೆರೆದ ಮೇಲೆ ಪುಕ್ಕಟೆ ಸಿಗುತ್ತೆ, 2018ರ ಮಾರ್ಚಿಂದ ವೈಲ್ಡ್‌ಕಾರ್ಡೂ ಕೊಡ್ತಾರೆ, ಒಂದೇ ಸರ್ಟಿಫಿಕೇಟಲ್ಲಿ ಎಲ್ಲ ಸಬ್‌ಡೊಮೇನೂ ಮುಗಿಯುತ್ತೆ, ಆದ್ರೆ ವೈಲ್ಡ್‌ಕಾರ್ಡಿಗೆ ಡಿಎನ್‌ಎಸ್ ಮೂಲಕವೇ ಡೊಮೇನ್ ನಮ್ಮದು ಅಂತ ತೋರಿಸ್ಬೇಕು. ಪ್ರಾಕ್ಸಿ ಇದ್ರೆ ಇದೆಲ್ಲ ಒಂದೇ ಕಡೆ, ನಾಲ್ಕು ಸರ್ವರಲ್ಲಿ ನಾಲ್ಕು ರಿನ್ಯೂವಲ್ ಅಂತ ಓಡಾಡೋದು ತಪ್ಪುತ್ತೆ. ಇದು ಮುಂದೆ ಇನ್ನೂ ಮುಖ್ಯ ಆಗುತ್ತೆ, ಯಾಕಂದ್ರೆ ಸರ್ಟಿಫಿಕೇಟ್ ಕೊಡೋರು, ಬ್ರೌಸರಿನವ್ರು ಸೇರಿ 2025ರಲ್ಲಿ ಮಾಡ್ಕೊಂಡ ನಿಯಮದ ಪ್ರಕಾರ 2029ರ ಮಾರ್ಚ್ 15ರಿಂದ ಹೊಸದಾಗಿ ಕೊಡೋ ಯಾವ ಸರ್ಟಿಫಿಕೇಟೂ 47 ದಿನಕ್ಕಿಂತ ಜಾಸ್ತಿ ಬಾಳಲ್ಲ. ಕೈಯಲ್ಲಿ ಅಪ್‌ಲೋಡ್ ಮಾಡ್ತಾ ಕೂರೋರಿಗೆ ಅಲ್ಲಿಗೆ ಬಾಗಿಲು ಹಾಕಿದ ಹಾಗೆ. ಇನ್ನೊಂದು, ಸೆಕ್ಯೂರಿಟಿ ಅಂತ 80ನೇ ಪೋರ್ಟ್ ಮುಚ್ಚೋಕೆ ಹೋಗ್ಬೇಡಿ, ಮಾಮೂಲಿ ಎಚ್‌ಟಿಟಿಪಿ ವಿಧಾನದಲ್ಲಿ ಸರ್ಟಿಫಿಕೇಟ್ ತಗೊಳ್ಳೋರಿಗೆ ಅವರು ಬಂದು ತಟ್ಟೋದು ಅದೇ ಪೋರ್ಟನ್ನ. ತೆರೆದಿಟ್ಟು ಬಂದವ್ರನ್ನೆಲ್ಲ 443ಕ್ಕೆ ಕಳಿಸಿ.

ಈಗ ಪೇಪರಿನವ್ರು ಸಾಮಾನ್ಯವಾಗಿ ಬರೆಯದೇ ಬಿಡೋ ಭಾಗ, ಅಂದ್ರೆ ಪ್ರಾಕ್ಸಿ ಹಾಕಿದ ಮರುದಿನ ಏನೇನು ಕಾಟ ಅಂತ. ಪ್ರಾಕ್ಸಿ ಹಾಕಿದ್ವಿ, ಸರಿ ಹೋಗ್ಲಿಲ್ಲ, ವಾಪಸ್ ಪೋರ್ಟ್ ಫಾರ್ವರ್ಡಿಂಗಿಗೆ ಹೋದ್ವಿ ಅನ್ನೋರು ಬಹಳ ಜನ, ಅವರೆಲ್ಲ ಮುಗ್ಗರಿಸೋದು ಇಲ್ಲೇ.

ಮೊದಲನೇದು ಹೆಸರು ದಾಟಿಸೋದು. ಎನ್‌ಜಿನ್‌ಎಕ್ಸ್ ನೀವು ಹೇಳದೇ ಇದ್ರೆ ಬಂದ ಹೋಸ್ಟ್ ಹೆಸರನ್ನ ಒಳಗೆ ಕಳಿಸಲ್ಲ, ಪ್ರಾಕ್ಸಿ ಪಾಸಲ್ಲಿ ಬರೆದ ಒಳಗಿನ ವಿಳಾಸವನ್ನೇ ಹೋಸ್ಟ್ ಅಂತ ಕಳಿಸುತ್ತೆ. ಆಗ ಒಳಗಿನ ಸಾಫ್ಟ್‌ವೇರ್ ಲಿಂಕುಗಳನ್ನೆಲ್ಲ 192.168.1.20 ಅಂತಲೇ ಕಟ್ಟಿ ಕೊಡುತ್ತೆ, ಆಫೀಸಲ್ಲಿ ಕೂತವ್ರಿಗೆ ಚೆನ್ನಾಗಿ ಓಪನ್ ಆಗುತ್ತೆ, ಹೊರಗಿನವ್ರು ಒಂದು ಕ್ಲಿಕ್ ಮಾಡಿದ್ರೆ ಸಾಕು ಖಾಲಿ ಪುಟ. ಪ್ರಾಕ್ಸಿ ಸೆಟ್ ಹೆಡರ್ ಹೋಸ್ಟ್ ಅಂತ ಒಂದು ಸಾಲು ಹಾಕಿದ್ರೆ ಹೋಯ್ತು, ಅಪಾಚೆಯಲ್ಲಾದ್ರೆ ಪ್ರಾಕ್ಸಿ ಪ್ರಿಸರ್ವ್ ಹೋಸ್ಟ್ ಆನ್ ಮಾಡ್ಬೇಕು.

ಎರಡನೇದು ಬಂದವ್ರ ಐಪಿ. ಪ್ರಾಕ್ಸಿ ನಡುವೆ ನಿಂತ ಮೇಲೆ ಒಳಗಿನ ಸರ್ವರಿಗೆ ಪ್ರಪಂಚದಲ್ಲಿ ಒಬ್ಬನೇ ಗಿರಾಕಿ, ಪ್ರಾಕ್ಸಿ. ಲಾಗ್, ಅಂದ್ರೆ ಬಂದುಹೋದವ್ರ ದಾಖಲೆ, ತೆಗೆದ್ರೆ ಎಲ್ಲ ಸಾಲಲ್ಲೂ ಪ್ರಾಕ್ಸಿಯ ಒಳಗಿನ ವಿಳಾಸ, 192.168.1.10. ಇದು ಬರೀ ಲಾಗಿನ ಮಾತಲ್ಲ, ಒಳಗಿನ ಸರ್ವರಲ್ಲಿ ತಪ್ಪು ಪಾಸ್‌ವರ್ಡ್ ಜಾಸ್ತಿ ಹಾಕಿದವ್ರನ್ನ ಬ್ಲಾಕ್ ಮಾಡೋ ಫೇಲ್‌ಟುಬ್ಯಾನ್ ಥರದ್ದು ಇದ್ರೆ ಅಲ್ಲೆಲ್ಲೋ ಕೂತಿರೋ ಒಬ್ಬ ಕಿಡಿಗೇಡಿ ಐದಾರು ಸಲ ತಪ್ಪು ಪಾಸ್‌ವರ್ಡ್ ಕುಟ್ಟಿದ ತಕ್ಷಣ ಅದು ಪ್ರಾಕ್ಸಿಯನ್ನೇ ಬ್ಲಾಕ್ ಮಾಡುತ್ತೆ, ಅಲ್ಲಿಗೆ ಎಲ್ಲರೂ ಹೊರಗೆ, ಪ್ರಾಕ್ಸಿಯಲ್ಲಿ 502 ಅಂತಲೋ 504 ಅಂತಲೋ ಎರರ್ ಬರ್ತಿರುತ್ತೆ, ನೋಡೋರು ಪ್ರಾಕ್ಸಿ ಕೆಟ್ಟಿದೆ ಅಂತ ಪ್ರಾಕ್ಸಿ ರೀಸ್ಟಾರ್ಟ್ ಮಾಡ್ತಾ ಕೂರ್ತಾರೆ. ಇದಕ್ಕೆ ಎಕ್ಸ್ ಫಾರ್ವರ್ಡೆಡ್ ಫಾರ್ ಅನ್ನೋ ಹೆಡರಲ್ಲಿ (ಹೋಸ್ಟ್ ಸಾಲಿನ ಥರದ್ದೇ ಇನ್ನೊಂದು ಸಾಲು) ನಿಜವಾದ ಐಪಿ ಕಳಿಸ್ಬೇಕು, ಒಳಗಿನ ಸರ್ವರಿಗೆ ಆ ಹೆಡರನ್ನ ಪ್ರಾಕ್ಸಿ ಕಳಿಸಿದ್ರೆ ಮಾತ್ರ ನಂಬು ಅಂತ ಹೇಳ್ಬೇಕು. ಮಾತ್ರ ಅನ್ನೋದು ಮುಖ್ಯ, ಯಾಕಂದ್ರೆ ಆ ಹೆಡರನ್ನ ಯಾರು ಬೇಕಾದ್ರೂ ತಮ್ಮ ಕೈಯಾರೆ ಬರೆದು ಕಳಿಸ್ಬಹುದು, ಕಣ್ಮುಚ್ಚಿ ನಂಬಿದ್ರೆ ಕಳ್ಳ ತನ್ನ ಐಪಿ ತಾನೇ ಆರಿಸ್ಕೋತಾನೆ.

ಮೂರನೇದು ರೀಡೈರೆಕ್ಟ್ ಸುತ್ತು. ಪ್ರಾಕ್ಸಿಗೆ ಎಚ್‌ಟಿಟಿಪಿಎಸ್‌ನಲ್ಲಿ ಬಂದಿದ್ದು ಅಲ್ಲೇ ಬಿಚ್ಚಿ ಒಳಗೆ ಬರೀ ಎಚ್‌ಟಿಟಿಪಿಯಲ್ಲಿ ಹೋಗುತ್ತೆ, ಒಳಗಿನ ಸಾಫ್ಟ್‌ವೇರ್ ಅಯ್ಯೋ ಇದು ಎಚ್‌ಟಿಟಿಪಿ ಅಂತ ಎಚ್‌ಟಿಟಿಪಿಎಸ್‌ಗೆ ಹೋಗು ಅನ್ನುತ್ತೆ, ಬ್ರೌಸರ್ ಮತ್ತೆ ಅಲ್ಲಿಗೇ ಬರುತ್ತೆ, ಮತ್ತೆ ಅದೇ ಮಾತು, ಕೊನೆಗೆ ಬ್ರೌಸರೇ ಸುಸ್ತಾಗಿ ಟೂ ಮೆನಿ ರೀಡೈರೆಕ್ಟ್ಸ್ ಅಂತ ಕೈಚೆಲ್ಲುತ್ತೆ. ಎಕ್ಸ್ ಫಾರ್ವರ್ಡೆಡ್ ಪ್ರೋಟೋ ಹೆಡರ್ ಕಳಿಸಿ, ಒಳಗಿನ ಸಾಫ್ಟ್‌ವೇರ್ ಸೆಟ್ಟಿಂಗಲ್ಲಿ ಅದನ್ನ ನೋಡು ಅಂತ ಹೇಳಿ.

ಇನ್ನು ಚಿಲ್ಲರೆ ಕಾಟಗಳು. ಫೈಲ್ ಅಪ್‌ಲೋಡ್ ಮಾಡಿದ್ರೆ 413 ಎರರ್ ಬಂತಾ, ಎನ್‌ಜಿನ್‌ಎಕ್ಸ್ ಡೀಫಾಲ್ಟಾಗಿ 1 ಎಂಬಿಗಿಂತ ಜಾಸ್ತಿ ಒಳಗೆ ಬಿಡಲ್ಲ, ಫೈಲ್ ಹಂಚೋ ಸರ್ವರಿಗೆ ಅದನ್ನ ಏರಿಸ್ಲೇಬೇಕು. ದೊಡ್ಡ ರಿಪೋರ್ಟ್ ತೆಗೆಯುವಾಗ 504 ಬಂತಾ, 60 ಸೆಕೆಂಡಿನ ಟೈಮ್‌ಔಟ್ ಅದು. ಚಾಟ್ ಥರದ್ದು ಲೋಡ್ ಆಗಿ ಸುಮ್ನೆ ಕೂತ್ರೆ ವೆಬ್‌ಸಾಕೆಟ್‌ನ (ತೆರೆದೇ ಇರೋ ಸಂಪರ್ಕ) ಅಪ್‌ಗ್ರೇಡ್ ಹೆಡರ್ ದಾಟಿಸಿಲ್ಲ ಅಂತ ಅರ್ಥ.

ಕೆಲವ್ರು ಸಬ್‌ಡೊಮೇನ್ ಯಾಕೆ, ಒಂದೇ ಹೆಸರಿಟ್ಟು ಸ್ಲ್ಯಾಶ್ ಲೈಬ್ರರಿ, ಸ್ಲ್ಯಾಶ್ ಹಾಜರಾತಿ ಅಂತ ಹಂಚಿದ್ರಾಯ್ತು ಅಂತಾರೆ. ಆಗುತ್ತೆ, ಆದ್ರೆ ನಾನು ಬೇಡ ಅಂತೀನಿ. ತುಂಬಾ ಸಾಫ್ಟ್‌ವೇರ್ ತಾನು ರೂಟಲ್ಲೇ ಇದ್ದೀನಿ ಅಂತ ನಂಬಿ ಬರೆದಿರ್ತಾರೆ, ಅದರ ಚಿತ್ರ, ಸ್ಟೈಲ್‌ಶೀಟು, ಸ್ಕ್ರಿಪ್ಟೆಲ್ಲ ಬರೀ ಸ್ಲ್ಯಾಶಿಂದ ಶುರು, ಸಬ್‌ಫೋಲ್ಡರಿಗೆ ತಳ್ಳಿದ್ರೆ ಅರ್ಧ ಪುಟ ಬರುತ್ತೆ ಅರ್ಧ ಬರಲ್ಲ, ರೀರೈಟ್ ರೂಲ್ ಬರೀತಾ ಬರೀತಾ ತಲೆಗೂದಲು ಉದುರುತ್ತೆ. ಮೇಲಿಂದ ನಾಲ್ಕು ಬೇರೆ ಬೇರೆ ಸಾಫ್ಟ್‌ವೇರ್ ಒಂದೇ ಹೆಸರಡಿ ಬಂದ್ರೆ ಬ್ರೌಸರ್ ಕಣ್ಣಿಗೆ ಅವೆಲ್ಲ ಒಂದೇ ಸೈಟು, ಒಂದ್ರಲ್ಲಿ ತೂತಿದ್ರೆ ಇನ್ನೊಂದರ ಲಾಗಿನ್ನಿಗೂ ಅಪಾಯ. ಸಬ್‌ಡೊಮೇನ್ ಮಾಡೋಕೆ ಖರ್ಚೇ ಇಲ್ಲ, ಜಿಪುಣತನ ಯಾಕೆ.

ಒಳಗಿನವ್ರದ್ದೇ ಒಂದು ಕಂಪ್ಲೇಂಟು ಬರುತ್ತೆ, ಹೊರಗಡೆ ಮೊಬೈಲ್ ಡೇಟಾದಲ್ಲಿ ಸೈಟ್ ಬರುತ್ತೆ, ಆಫೀಸ್ ವೈಫೈಯಲ್ಲಿ ಬರಲ್ಲ ಅಂತ. ಒಳಗಿನ ಮಷೀನು ಪಬ್ಲಿಕ್ ಐಪಿಗೆ ಹೋಗಿ ಅದೇ ರೂಟರಲ್ಲಿ ತಿರುಗಿ ಒಳಗೇ ಬರ್ಬೇಕು, ಹೇರ್‌ಪಿನ್ ನ್ಯಾಟ್ ಅಂತಾರೆ, ಎಷ್ಟೋ ರೂಟರಿಗೆ ಅದು ಬರಲ್ಲ. ಒಳಗಿನ ಡಿಎನ್‌ಎಸ್‌ನಲ್ಲಿ ಅದೇ ಹೆಸರುಗಳಿಗೆ ಪ್ರಾಕ್ಸಿಯ ಒಳಗಿನ ವಿಳಾಸ ಕೊಟ್ಟುಬಿಡಿ, ಟ್ರಾಫಿಕ್ ರೂಟರ್ ತನಕ ಹೋಗೋದೇ ಇಲ್ಲ.

ಹೆಸರೇ ಹೇಳದೆ ಬರೀ ಐಪಿ ಹಾಕ್ಕೊಂಡು ಬರೋರು ಬೇರೆ ಇರ್ತಾರೆ, ಬಹುಪಾಲು ಬಾಟುಗಳು, ಅಂದ್ರೆ ತಾವಾಗೇ ಸುತ್ತೋ ಪ್ರೋಗ್ರಾಮುಗಳು. ಎನ್‌ಜಿನ್‌ಎಕ್ಸ್‌ಗೆ ಡೀಫಾಲ್ಟ್ ಯಾವುದು ಅಂತ ನೀವು ಹೇಳದಿದ್ರೆ ಮೊದಲು ಬರೆದ ಬ್ಲಾಕನ್ನೇ ತೋರಿಸುತ್ತೆ, ಅದು ಹಾಜರಾತಿಯ ಲಾಗಿನ್ ಪುಟ ಆಗಿದ್ರೆ ಬಂದ ಬಾಟಿಗೆಲ್ಲ ಅದರ ದರ್ಶನ. ಒಂದು ಖಾಲಿ ಡೀಫಾಲ್ಟ್ ಬ್ಲಾಕ್ ಮಾಡಿ 444 ಕೊಟ್ರೆ ಮಾತಾಡದೆ ಕನೆಕ್ಷನ್ ಕಟ್ ಮಾಡುತ್ತೆ.

ಸೆಕ್ಯೂರಿಟಿ ಬಗ್ಗೆ ಗಟ್ಟಿಯಾಗಿ ಹೇಳ್ಬೇಕು, ಯಾಕಂದ್ರೆ ಪ್ರಾಕ್ಸಿ ಹಾಕಿದ್ರೆ ಸೇಫ್ ಅಂತ ಇನ್ನೊಂದು ಅಂಧನಂಬಿಕೆ ಹುಟ್ಟಿದೆ. ಹಳೇ ಸಾಫ್ಟ್‌ವೇರಲ್ಲಿ ತೂತಿದ್ರೆ ಪ್ರಾಕ್ಸಿ ಆ ದಾಳಿಯನ್ನ ಶಿಸ್ತಾಗಿ ಒಳಗೆ ತಲುಪಿಸುತ್ತೆ, ಅದರ ಕೆಲಸವೇ ತಲುಪಿಸೋದು. ಹಾಗಾಗಿ ಹೊರಗಿನವ್ರಿಗೆ ಬೇಕಾದ್ದು ಮಾತ್ರ ಹೊರಗೆ. ರೂಟರಿನ ಪುಟ, ಕ್ಯಾಮೆರಾ ರೆಕಾರ್ಡರು, ಡೇಟಾಬೇಸ್ ನೋಡೋ ಪಿಎಚ್‌ಪಿಮೈಅಡ್ಮಿನ್, ಇವಕ್ಕೆಲ್ಲ ಸಬ್‌ಡೊಮೇನ್ ಮಾಡಿ ಪ್ರಾಕ್ಸಿಗೆ ಹಾಕೋರನ್ನ ಕಂಡ್ರೆ ಕೈ ಮುಗಿದು ಬೇಡ ಅನ್ನಿ, ಅವು ವಿಪಿಎನ್ (ನಮ್ಮವ್ರಿಗಷ್ಟೇ ಇರೋ ಗುಟ್ಟಿನ ಸಂಪರ್ಕ) ಹಿಂದೆ ಇರ್ಲಿ. ಯಾರಿಗೂ ಗೊತ್ತಾಗದ ಹೆಸರಿಡ್ತೀವಿ ಅನ್ನೋದೂ ನಡೆಯಲ್ಲ, ಲೆಟ್ಸ್ ಎನ್‌ಕ್ರಿಪ್ಟಿಂದ ಸರ್ಟಿಫಿಕೇಟ್ ತಗೊಂಡ ಒಂದೊಂದು ಹೆಸರೂ ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಲಾಗಲ್ಲಿ ಬಹಿರಂಗವಾಗಿ ದಾಖಲಾಗುತ್ತೆ, ಹುಡುಕೋರು ಅಲ್ಲೇ ನೋಡ್ತಾರೆ. ಆಮೇಲೆ ಒಳಗಿನ ಸರ್ವರುಗಳ ಫೈರ್‌ವಾಲಲ್ಲಿ ವೆಬ್ ಪೋರ್ಟಿಗೆ ಪ್ರಾಕ್ಸಿಯ ಐಪಿ ಬಿಟ್ಟು ಬೇರೆ ಯಾರನ್ನೂ ಬಿಡ್ಬೇಡಿ, ಸಾಧ್ಯ ಇದ್ರೆ ಪ್ರಾಕ್ಸಿಯನ್ನ ಬೇರೆ ವಿಲ್ಯಾನಲ್ಲಿ, ಅಂದ್ರೆ ನೆಟ್‌ವರ್ಕಿನ ಪ್ರತ್ಯೇಕ ಭಾಗದಲ್ಲಿ ಇಡಿ, ಅದನ್ನ ಯಾರಾದ್ರೂ ಹಿಡಿದ್ರೂ ಇಡೀ ಆಫೀಸ್ ನೆಟ್‌ವರ್ಕ್ ಕೈಗೆ ಸಿಗ್ಬಾರ್ದು. ಎಲ್ಲ ಸೈಟೂ ಒಂದೇ ಮಷೀನಿನ ಮೇಲೆ ನಿಂತಿವೆ ಅನ್ನೋದೂ ನೆನಪಿರ್ಲಿ, ಅದು ಮಲಗಿದ್ರೆ ನಾಲ್ಕೂ ಮಲಗುತ್ತೆ, ಕಾನ್ಫಿಗ್ ಫೈಲಿನ ಕಾಪಿ ಬೇರೆ ಕಡೆ ಇಟ್ಟಿರಿ, ತೀರಾ ಮುಖ್ಯ ಅಂದ್ರೆ ಕೀಪ್‌ಅಲೈವ್‌ಡಿ (ಒಂದು ಬಿದ್ರೆ ಇನ್ನೊಂದಕ್ಕೆ ಬದಲಾಯಿಸೋ ಸಾಫ್ಟ್‌ವೇರ್) ಹಾಕಿ ಎರಡನೇ ಪ್ರಾಕ್ಸಿ ನಿಲ್ಲಿಸಿ.

ಈ ಉಪಾಯಕ್ಕೂ ಮಿತಿ ಇದೆ. ದೂರದಿಂದ ಸರ್ವರಿಗೆ ಲಾಗಿನ್ ಆಗೋ ಎಸ್‌ಎಸ್‌ಎಚ್‌ನಲ್ಲಿ ಹೋಸ್ಟ್ ಸಾಲೂ ಇಲ್ಲ, ಎಸ್‌ಎನ್‌ಐಯೂ ಇಲ್ಲ, ಯಾವ ಮಷೀನ್ ಬೇಕು ಅಂತ ಬಂದವ್ರು ಹೇಳೋದೇ ಇಲ್ಲ, ಹಾಗಾಗಿ ಹೆಸರು ನೋಡಿ ಹಂಚೋಕಾಗಲ್ಲ. ಅದಕ್ಕೆ ವಿಪಿಎನ್, ಇಲ್ಲಾಂದ್ರೆ ಒಂದು ಜಂಪ್ ಹೋಸ್ಟ್ (ಮೊದಲು ಲಾಗಿನ್ ಆಗೋ ನಡುವಿನ ಮಷೀನು) ಮೂಲಕ ಒಳಗೆ ಹೋಗೋದು. ಒಳಗಿನ ಸರ್ವರೇ ತನ್ನ ಸರ್ಟಿಫಿಕೇಟ್ ಇಟ್ಕೋಬೇಕು, ಪ್ರಾಕ್ಸಿ ಬಿಚ್ಚಿ ನೋಡ್ಬಾರ್ದು ಅನ್ನೋ ಕಡೆ ಮಾತ್ರ ಎಚ್‌ಎಪ್ರಾಕ್ಸಿಯನ್ನ ಟಿಸಿಪಿ ಮೋಡಲ್ಲಿಟ್ಟು ಎಸ್‌ಎನ್‌ಐ ಹೆಸರಷ್ಟನ್ನೇ ಓದಿ ಹಾಗೇ ದಾಟಿಸ್ಬಹುದು, ಎನ್‌ಜಿನ್‌ಎಕ್ಸಲ್ಲೂ ಸ್ಟ್ರೀಮ್ ಮಾಡ್ಯೂಲಿನ ಎಸ್‌ಎಸ್‌ಎಲ್ ಪ್ರೀರೀಡ್ ಅದನ್ನೇ ಮಾಡುತ್ತೆ.

ಹೊಸ ಮಾದರಿಯ ವಿಳಾಸ ಐಪಿವಿ6 ಬಂದ್ರೆ ಈ ತಾಪತ್ರಯವೇ ಇಲ್ಲ, 128 ಬಿಟ್, ಒಂದೊಂದು ಸರ್ವರಿಗೂ ಪಬ್ಲಿಕ್ ವಿಳಾಸ ಕೊಟ್ರೂ ಮುಗಿಯಲ್ಲ ಅಂತ ಯಾರಾದ್ರೂ ನಿಮಗೆ ಇನ್ನೊಂದು ಪತ್ರ ಬರೀತಾರೆ. ನಿಜ, ಆದ್ರೆ 2012ರ ಜೂನ್ 6ಕ್ಕೆ ಜಗತ್ತಿಗೆಲ್ಲ ಐಪಿವಿ6 ಅಂತ ದೊಡ್ಡದಾಗಿ ಶುರುಮಾಡಿದ್ರೂ ಇವತ್ತಿಗೂ ಐಪಿವಿ4 ಮಾತ್ರ ಇರೋ ಜನ ಎಷ್ಟೋ ಇದ್ದಾರೆ, ಅವ್ರನ್ನ ಬಿಟ್ಟು ಸೈಟ್ ನಡೆಸೋಕಾಗಲ್ಲ. ಎರಡೂ ಕೊಡಿ. ವಿಳಾಸ ಧಾರಾಳ ಸಿಕ್ಕಿದ್ರೂ ನಾನು ಮುಂದೆ ಪ್ರಾಕ್ಸಿ ಇಟ್ಟೇ ಇಡ್ತೀನಿ, ಸರ್ಟಿಫಿಕೇಟು, ಲಾಗು ಎಲ್ಲ ಒಂದು ಕಡೆ ಇರ್ಲಿ ಅಂತ.

ಪ್ರಶ್ನೆ ಕೇಳಿದ ಓದುಗರಿಗೆ ಒಂದು ಮಾತು, ಇದನ್ನೆಲ್ಲ ಶುರುಮಾಡೋ ಮುಂಚೆ ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ, ಅಂದ್ರೆ ರೂಟರಿನ ಹೊರಗಡೆಯ ವಿಳಾಸ, ಏನಿದೆ ನೋಡಿ. 100.64ರಿಂದ 100.127ರ ಒಳಗೆ ಏನಾದ್ರೂ ಇದ್ರೆ ಅದು ಪಬ್ಲಿಕ್ ಐಪಿಯೇ ಅಲ್ಲ, 2012ರ ಆರ್‌ಎಫ್‌ಸಿ 6598ರಲ್ಲಿ ಕಂಪನಿಯವ್ರ ನ್ಯಾಟಿಗೆ ಅಂತ ಇಟ್ಟಿರೋ ವಿಳಾಸ, ಒಂದೇ ಪಬ್ಲಿಕ್ ಐಪಿಯನ್ನ ನೀವು ಇನ್ನೆಷ್ಟೋ ಗಿರಾಕಿಗಳ ಜೊತೆ ಹಂಚ್ಕೊಂಡಿದ್ದೀರ, ಪೋರ್ಟ್ ಫಾರ್ವರ್ಡ್ ಮಾಡಿದ್ರೂ ಹೊರಗಿಂದ ಯಾರೂ ನಿಮ್ಮ ರೂಟರ್ ತನಕ ಬರೋದೇ ಇಲ್ಲ. ಹಾಗಿದ್ರೆ ಕಂಪನಿಯವ್ರನ್ನ ಒಂದು ನಿಜವಾದ ಪಬ್ಲಿಕ್ ಐಪಿ ಕೇಳಿ. ಒಂದು ಸಾಕು.

ಸಂಪಾದಕರೇ, ಮುಂದಿನ ವಾರ ಅದೇ ಕಾಲಂನಲ್ಲಿ ಅದೇ ಅಕ್ಷರದ ಸೈಜಲ್ಲಿ ತಿದ್ದುಪಡಿ ಹಾಕಿ ಅಂತ ಕೇಳ್ಕೊಳ್ತೀನಿ. ಜಾಗ ಸಾಲ್ದೆ ನನ್ನ ಪತ್ರ ಕತ್ತರಿಸೋದಾದ್ರೆ ಎಕ್ಸ್‌ಪಿ ಪುರಾಣ ಕತ್ತರಿಸಿ, ಅಡ್ಮಿನ್ ಪುಟಗಳನ್ನ ಹೊರಗೆ ಹಾಕ್ಬೇಡಿ ಅನ್ನೋ ಭಾಗ ಮಾತ್ರ ಮುಟ್ಬೇಡಿ.

ಇಂತಿ,
ನಿಮ್ಮ ಓದುಗ, ಒಬ್ಬ ಸಿಸ್ಟಮ್ ಅಡ್ಮಿನ್